ಸಾವಕಾರರ ಮನೆಯ ರೊಟ್ಟಿ

ಅಜ್ಜಿ ತೀರಿಕೊಂಡಾಗ ಎಲ್ಲರೂ ಅವಳ ಕ್ಷಮಾಗುಣವನ್ನು ಹೊಗಳಿದರು. ಹೊಗಳಿಕೆ ಸರಿಯಾಗಿಯೇ ಇತ್ತು. ಆದರೆ ಆ ಗುಣ ನನ್ನ ಪಾಲಿಗೆ ಬರಲಿಲ್ಲ. ರೊಟ್ಟಿಯ ಬುಟ್ಟಿ ಮಾತ್ರ ಬಂತು.

ಬ್ಯಾಡಗಿಯ ನಮ್ಮ ಓಣಿಯಲ್ಲಿ ಅವಳು ಹಾಕಿದ ಪದ್ಧತಿಯೊಂದಿತ್ತು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಪ್ರತಿ ಮನೆಯವರೂ ಒಂದನ್ನು ಹೆಚ್ಚಿಗೆ ಬಡಿಯಬೇಕು. ಅಜ್ಜಿ ಬಾಗಿಲಿಗೆ ಬಂದು "ದವಾಖಾನಿ ರೊಟ್ಟಿ" ಎನ್ನುತ್ತಿದ್ದಳು. ತುಂಬಿದ ಬುಟ್ಟಿ ಮೊದಲ ಬಸ್ಸಿಗೆ ಹಾವೇರಿಯ ದವಾಖಾನೆಯೊಂದಕ್ಕೆ ಹೋಗುತ್ತಿತ್ತು. ಹಾಸಿಗೆಯ ಮೇಲಿದ್ದವರ ಚಿಂತೆ ಡಾಕ್ಟರರದು. ಹಾಸಿಗೆಯ ಬುಡದಲ್ಲಿ ಕುಳಿತವರ ಹೊಟ್ಟೆಯ ಚಿಂತೆ ಅಜ್ಜಿಯದು. ಗುತ್ತಲದ ಕಡೆಯಿಂದ, ಕಾಗಿನೆಲೆಯ ಕಡೆಯಿಂದ ಬಂದ ಆ ಜನರಿಗೆ ಒಂದೊಂದು ರೊಟ್ಟಿ, ಮೇಲಿಷ್ಟು ಶೇಂಗಾ ಹಿಂಡಿ.

ಓಣಿಯಲ್ಲಿ ಕೊಡದ ಮನೆ ಒಂದೇ, ಮೆಣಸಿನಕಾಯಿ ಸಾವಕಾರರದು. ನಾನು ಚಿಕ್ಕವನಿದ್ದಾಗ ಬುಟ್ಟಿಗೆ ಕೈ ಹಚ್ಚಿ ಅಜ್ಜಿಯ ಜೊತೆ ಅಲ್ಲಿಗೆ ಹೋಗಿದ್ದೆ. ಸಾವಕಾರ್ತಿ ಮುಖವನ್ನೂ ತೋರಿಸದೆ ಒಳಗಿನಿಂದಲೇ, "ಮುಂದಿನ ಮನಿಗೆ ಹೋಗ್ರಿ" ಎಂದರು. ಭಿಕ್ಷೆಗೆ ಬಂದವರಿಗೆ ಹೇಳುವ ಮಾತು ಅದು. ಅಜ್ಜಿ ಮುಂದಿನ ಮನೆಗೆ ಹೋದಳು. ನಾನು ಮನಸ್ಸಿನೊಳಗೆ ಆ ಹೊಸ್ತಿಲ ಮುಂದೆಯೇ ದಶಕಗಟ್ಟಲೆ ನಿಂತೆ.

"ನಿನಗ ಸಿಟ್ಟ ಬರಲಿಲ್ಲೇನ, ಆಯಿ?" ಎಂದು ಕೇಳಿದ್ದೆ.

"ಬಂದಿತ್ತಪಾ. ಬಸ್ಸ ತಪ್ಪತೈತಿ ಅಂತ ಅಲ್ಲೇ ಬಿಟ್ಟ ಬಂದೆ."

ಅವಳು ಬಿಟ್ಟುಬಂದದ್ದನ್ನು ನಾನು ಎತ್ತಿಕೊಂಡೆ.

ಅಜ್ಜಿ ಹೋದ ಮೂರನೆಯ ದಿನ ಓಣಿಯ ಬಾಯಿಗೆ ಫ್ಲೆಕ್ಸ್ ಬಂತು. ಬಣ್ಣ ಚೆನ್ನಾಗಿ ಬರಲೆಂದು ರಾಣೆಬೆನ್ನೂರಿನಲ್ಲಿ ಮಾಡಿಸಿದ್ದಂತೆ. ಮೂಲೆಯಲ್ಲಿ ಅಂಚೆಚೀಟಿಯಷ್ಟು ಅಜ್ಜಿ. ನಡುವೆ ಕೈಮುಗಿದ ಸಾವಕಾರರು, ಅವರ ಬೆನ್ನಿಗೆ ಸೂರ್ಯೋದಯ. ಕೆಳಗೆ, "ನಮ್ಮ ಮನೆತನದ ರೊಟ್ಟಿ ಸೇವೆಯಲ್ಲಿ ದುಡಿದ ಹಿರಿಯ ಜೀವಕ್ಕೆ ಶ್ರದ್ಧಾಂಜಲಿ." ಪುರಸಭೆಯ ಚುನಾವಣೆ ಹತ್ತಿರವಿತ್ತು.

ಭಿಕ್ಷುಕಿಯಾಗಿದ್ದವಳು ಸತ್ತ ಮೇಲೆ ಅವರ ಮನೆಯ ಆಳಾಗಿದ್ದಳು. ಹರಿದು ಹಾಕಲು ಕೈ ಎತ್ತಿದೆ. ಎದುರುಮನೆಯ ಅಕ್ಕ ತಡೆದರು.

"ಹರೀಬ್ಯಾಡೋ ತಮ್ಮಾ. ಸಾವಕಾರ್ರು ಬರಸಿದ್ದು ಸುಳ್ಳ ಅನ್ನಾಕ ನಾವ್ಯಾರು? ಖರೇ ಮಾಡೋಣು."

ಮರುದಿನ ಓಣಿಯ ಯಾವ ಮನೆಯಲ್ಲೂ ಹೆಚ್ಚಿನ ರೊಟ್ಟಿ ಬಡಿಯಲಿಲ್ಲ. ಇನ್ನೊಬ್ಬರ ಮನೆತನದ ಸೇವೆಯಲ್ಲಿ ಕೈ ಹಾಕುವುದು ಮಹಾಪಾಪವೆಂದು ಹೆಂಗಸರೆಲ್ಲ ಭಯಭಕ್ತಿಯಿಂದ ಒಪ್ಪಿದ್ದರು. ಹಸಿದವರ ಮೇಲೆ ಸೇಡು ತೀರಿಸಿಕೊಳ್ಳುವ ಉದ್ದೇಶ ನಮಗಿರಲಿಲ್ಲ. ಬುಟ್ಟಿ ತುಂಬದಿದ್ದರೆ ಇರಲೆಂದು ಖಡಕ್ ರೊಟ್ಟಿಯ ಗಂಟೊಂದನ್ನು ಮನೆಯಲ್ಲಿ ಕಟ್ಟಿಟ್ಟಿದ್ದೆವು. ಅದು ಸಾವಕಾರರಿಗೆ ತಿಳಿಯುವ ಅಗತ್ಯವಿರಲಿಲ್ಲ.

ಖಾಲಿ ಬುಟ್ಟಿ ಹಿಡಿದು ಅವರ ಕಟ್ಟೆಯ ಮುಂದೆ ನಿಂತೆ. ಹಿಂದೆ ಅರ್ಧ ಓಣಿ. ಸಾವಕಾರರು ಚಹಾ ಕುಡಿಯುತ್ತಿದ್ದರು.

"ಯಾಕೋ, ಬುಟ್ಟಿ ಖಾಲಿ ಐತಲ್ಲ?"

"ನಿಮ್ಮ ಮನಿತನದ ಸೇವಾ ಅಲ್ಲೇನ್ರಿ, ಸಾವಕಾರ್ರ? ತುಂಬಿಸಿ ಕೊಡ್ರಿ."

"ಒಮ್ಮಿಂದೊಮ್ಮೆಲೆ ಇಷ್ಟ ರೊಟ್ಟಿ ಹೆಂಗ ಆಗತಾವು?"

ಎದುರುಮನೆಯ ಅಕ್ಕ ಸೆರಗು ಸರಿಪಡಿಸಿಕೊಂಡರು. "ಹಂಗಾರ ಫ್ಲೆಕ್ಸಿನ್ಯಾಗಿಂದು ಸುಳ್ಳೇನ್ರಿ? ಓಟಿನ ಹೊತ್ತಿನ್ಯಾಗ ಹಂಗ ಅನಬ್ಯಾಡ್ರಿ, ಕೇಳಿದವರು ಏನ ತಿಳಕೊಂಡಾರು."

ಸಾವಕಾರರು ಒಳಗೆ ನೋಡಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಪಟಪಟ ಸದ್ದು ಬಂತು. ಸಾವಕಾರ್ತಿಯೂ ಸೊಸೆಯಂದಿರೂ ಬಡಿಯುತ್ತಿದ್ದರು. ಸಂಗೀತದ ಗಂಧವಿಲ್ಲದ ನಾನು ಅಂದು ಕಟ್ಟೆಯ ಮೇಲೆ ಕಣ್ಣುಮುಚ್ಚಿ ತಲೆದೂಗಿದೆ. ಮೊದಲ ಬಸ್ಸು ತಪ್ಪಿತು, ಅಜ್ಜಿಯ ಬುಟ್ಟಿಗೆ ಹಾಗಾದದ್ದು ನನಗೆ ನೆನಪಿಲ್ಲ. ಅಂಚು ಸೀಳಿದ, ಅಲ್ಲಲ್ಲಿ ಕರಕಾದ ಆ ರೊಟ್ಟಿಗಳನ್ನು ಹಾವೇರಿಯಲ್ಲಿ ಯಾರೂ ದೂರದೆ ತಿಂದರು.

ವಾರವಿಡೀ ಹೀಗೇ ನಡೆಯಿತು. ಆಮೇಲೆ ಫ್ಲೆಕ್ಸ್ ಮಾಯವಾಯಿತು. ಗಾಳಿಗೆ ಹಾರಿತೆಂದು ಸಾವಕಾರರು ವಿಷಾದಿಸಿದರು. ಆ ವಾರ ಒಂದು ಎಲೆಯೂ ಅಲುಗಿರಲಿಲ್ಲ. ಓಣಿಯವರು ಮರುದಿನದಿಂದ ತಮ್ಮ ಒಂದೊಂದು ರೊಟ್ಟಿಗೆ ಮರಳಿದರು.

ಆದರೆ ಆ ಮನೆಯನ್ನು ನಾನು ಬಿಟ್ಟಿಲ್ಲ. ಮುಂದಿನ ಮನೆಗೆ ಹೋಗುವ ಮೊದಲು ದಿನವೂ ಅಲ್ಲಿ ನಿಂತು ಕೂಗುತ್ತೇನೆ. ಈಗ ಸಾವಕಾರ್ತಿಯೇ ಹೊಸ್ತಿಲಿಗೆ ಬಂದು, ಮುಖ ತೋರಿಸಿ, ಬುಟ್ಟಿಗೆ ಹಾಕುತ್ತಾರೆ. ರೊಟ್ಟಿ ಸುಧಾರಿಸಿದೆ ಎಂಬುದನ್ನು ದುಃಖದಿಂದ ಒಪ್ಪುತ್ತೇನೆ.

ಮೊನ್ನೆ ಕೇಳಿದರು, "ಇನ್ನೂ ಸಿಟ್ಟ ಹೋಗಿಲ್ಲೇನಪಾ?"

"ಇಲ್ರಿ, ಅವ್ವಾರ."

ಬಸ್ಸಿಗೆ ಹೊತ್ತಾಗಿತ್ತು. ಆದರೂ ಸಿಟ್ಟನ್ನು ಅಲ್ಲಿ ಬಿಟ್ಟು ಬರಲಿಲ್ಲ. ಅವರ ರೊಟ್ಟಿಯ ಜೊತೆಗೇ ಬುಟ್ಟಿಯಲ್ಲಿಟ್ಟುಕೊಂಡು ಹಾವೇರಿಗೆ ಹೊರಟೆ.