ನಾಲ್ಕನೆಯ ರೈಫಲ್ಲಿನ ನಂಬರು

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ. ನೈರೋಬಿಯ ಲೊರೆಶೋದ ನಮ್ಮ ಮನೆಯ ಊಟದ ಕೋಣೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಬಂದೂಕು ಲೈಸೆನ್ಸ್ ಕಚೇರಿಯಿಂದ ತಪಾಸಣೆಗೆ ಬಂದ ಮಹಿಳಾ ಅಧಿಕಾರಿ.

ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ, ನಾಲ್ಕು ರೈಫಲ್‌ಗಳನ್ನು ನಳಿಗೆ ಗೋಡೆಯ ಕಡೆಗಿರುವಂತೆ ಸಾಲಾಗಿ ಇಟ್ಟಿದ್ದೆ. ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟುಗಳನ್ನು ಬಿಚ್ಚಿ ಆಯಾ ರೈಫಲ್ಲಿನ ಬಲಕ್ಕೆ ಇಟ್ಟಿದ್ದೆ. ಒಂಬತ್ತಕ್ಕೆ ಬರುತ್ತೇನೆ ಎಂದಿದ್ದ ಅಧಿಕಾರಿ ಒಂಬತ್ತಕ್ಕೆ ಎರಡು ನಿಮಿಷವಿರುವಾಗಲೇ ಗೇಟಿನ ಗಂಟೆ ಒತ್ತಿದ್ದರು. ಅಷ್ಟರಿಂದಲೇ ನನಗೆ ಅವರ ಮೇಲೆ ಗೌರವ ಹುಟ್ಟಿತು.

ಇಷ್ಟು ವರ್ಷ ಲೈಸೆನ್ಸಿನ ನವೀಕರಣವೆಂದರೆ ಕೌಂಟರಿನಲ್ಲಿ ಒಂದು ಕಾಗದ ಕೊಟ್ಟು ಇನ್ನೊಂದು ತರುವುದು. ಈ ಸಲ ನಿಯಮ ಬದಲಾಗಿತ್ತು. ಅಧಿಕಾರಿಯೇ ಮನೆಗೆ ಬಂದು, ಪ್ರತಿ ಬಂದೂಕಿನ ನಂಬರನ್ನು ಉಕ್ಕಿನ ಮೇಲಿಂದಲೇ ಓದಿ, ಲೈಸೆನ್ಸಿನ ನಂಬರಿಗೆ ತಾಳೆ ನೋಡಬೇಕು. ತಾಳೆಯಾಗದ್ದನ್ನು ಅದೇ ದಿನ ಒಪ್ಪಿಸಬೇಕು. ಒಪ್ಪಿಸಿದ್ದನ್ನು ಬೇರೆ ಬಂದೂಕುಗಳ ಜೊತೆ ರಾಶಿ ಹಾಕಿ ಸುಡುತ್ತಾರೆ.

ನನಗೆ ಆತಂಕವಿರಲಿಲ್ಲ. ನನ್ನ ಬಂದೂಕುಗಳಷ್ಟು ಚೊಕ್ಕಟವಾಗಿರುವವು ಈ ನಗರದಲ್ಲಿ ಇನ್ನಿಲ್ಲ ಎಂಬ ನಂಬಿಕೆ ಇತ್ತು.

"ರೀ, ಅವರಿಗೆ ಚಹಾ ಮಾಡ್ಲಾ, ಕಾಫಿನಾ?" ಎಂದಳು ಹೆಂಡತಿ.

"ಕೆಲಸ ಮುಗೀಲಿ."

"ನಿಮ್ಮ ಕೆಲಸ ಯಾವತ್ತು ಮುಗ್ದಿದೆ? ಸುಮ್ನಿರಿ. ಚಾಯ್, ಮೇಡಮ್?"

"ಅಸಾಂಟೆ, ಮಾಮಾ," ಎಂದು ಧನ್ಯವಾದ ಹೇಳಿದರು ಅಧಿಕಾರಿ. "ಮ್ವಾಲಿಮುಗೆ ಕೋಪ ಬರುವುದಿಲ್ಲ ಎಂದರೆ ಒಂದು ಕಪ್ಪು." ಇಲ್ಲಿ ಹೆಂಗಸರನ್ನು ಗೌರವದಿಂದ ಮಾಮಾ, ಅಂದರೆ ಅಮ್ಮ, ಎನ್ನುತ್ತಾರೆ; ಮೇಷ್ಟರನ್ನು ಮ್ವಾಲಿಮು. ನಾನು ಪಾಠ ಹೇಳುವುದನ್ನು ಬಿಟ್ಟು ಹದಿನೈದು ವರ್ಷವಾದರೂ ಆ ಹೆಸರು ಹೋಗಿಲ್ಲ.

ಹತ್ತನೆಯ ವಯಸ್ಸಿಗೆ ನನ್ನನ್ನು ಸೈನ್ಯದ ಶಿಸ್ತಿನ ಒಂದು ಹಾಸ್ಟೆಲ್ ಶಾಲೆಗೆ ಸೇರಿಸಿದ್ದರು. ಐದಕ್ಕೆ ಗಂಟೆ, ಐದೂಹತ್ತಕ್ಕೆ ಹಾಸಿಗೆ ಮಡಚಿರಬೇಕು, ಐದೂವರೆಗೆ ಮೈದಾನ. ಹದಿಮೂರಕ್ಕೆ ಕವಾಯತಿಗೆಂದು ತ್ರೀ ನಾಟ್ ತ್ರೀ ರೈಫಲ್ ಕೈಗೆ ಕೊಟ್ಟರು. ಅದು ನನಗಿಂತ ಸ್ವಲ್ಪವೇ ಗಿಡ್ಡ. ವಾರಕ್ಕೊಮ್ಮೆ ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ, ಜೋಡಿಸಿ ಮೇಷ್ಟರಿಗೆ ತೋರಿಸಬೇಕಿತ್ತು. ಎಲ್ಲಾದರೂ ತುಕ್ಕಿನ ಚುಕ್ಕೆ ಕಂಡರೆ ಮೈದಾನಕ್ಕೆ ಹತ್ತು ಸುತ್ತು. ನಾನು ಒಂದೇ ಸಲ ಓಡಿದ್ದೆ. ಆಮೇಲೆ ನನ್ನ ರೈಫಲ್ಲಿನಲ್ಲಿ ಯಾರಿಗೂ ತುಕ್ಕು ಸಿಕ್ಕಲಿಲ್ಲ.

ಭೌತಶಾಸ್ತ್ರ ಕಲಿಸಲು ನೈರೋಬಿಗೆ ಬಂದಾಗ ನಾವು ಪಂಗಾನಿಯಲ್ಲಿ ಬಾಡಿಗೆಗಿದ್ದೆವು. ನ್ಗಾರಾದಲ್ಲಿ ತರಕಾರಿ ತರಲು ಹೋಗುವ ದಾರಿಯಲ್ಲಿ ಒಬ್ಬ ಪಂಜಾಬಿ ಬಂದೂಕು ರಿಪೇರಿಯವನ ಅಂಗಡಿ ಇತ್ತು. ಆಗ ಈ ದೇಶದಲ್ಲಿ ಬೇಟೆ ನಿಂತಿತ್ತು. ಹೊಲ ಮಾರಿ ಊರು ಬಿಡುತ್ತಿದ್ದ ಬಿಳಿಯರ ಅಟ್ಟಗಳಿಂದ ಯುದ್ಧಕಾಲದ ರೈಫಲ್‌ಗಳು ಹೊರಬರುತ್ತಿದ್ದವು. ಸೈನ್ಯ ಬೇಡವೆಂದು ಮಾರಿದವು, ಗಡಿಯಾಚೆಯಿಂದ ಬಂದ ಜರ್ಮನ್ ರೈಫಲ್‌ಗಳು, ಇಟಾಲಿಯನ್ ಸೈನಿಕರು ಬಿಟ್ಟುಹೋದವು. ಅವನು ಅವನ್ನು ಅಂಗಡಿಯ ಗೋಡೆಗೆ ಕೊಡೆಗಳಂತೆ ಒರಗಿಸಿಟ್ಟಿರುತ್ತಿದ್ದ. ಶನಿವಾರ ಹನ್ನೊಂದು ಗಂಟೆಗೆ ನಾನು ಅಲ್ಲಿರುತ್ತಿದ್ದೆ. ಆಯ್ದುಕೊಳ್ಳುವ ಕಾಲ ಅದು. ಹಿಡಿಯ ಮರದಲ್ಲಿ ಬಿರುಕಿದೆ, ನಳಿಗೆಯ ಒಳಗೆ ಸವೆದಿದೆ ಎಂದು ಬೇಡವೆನ್ನುತ್ತಿದ್ದೆ.

"ಮಾಸ್ಟರ್‌ಜೀ, ಹೆಣ್ಣು ನೋಡೋಕೆ ಬಂದವರೂ ಇಷ್ಟು ಕೊಂಕು ತೆಗೆಯಲ್ಲ," ಎನ್ನುತ್ತಿದ್ದ ಅವನು.

ಹೀಗೆ ನೋಡಿ ನೋಡಿ ಮೂರನ್ನು ಇಟ್ಟುಕೊಂಡೆ. ಆದರೆ ನನ್ನ ಹಾಸ್ಟೆಲಿನ ಮಾದರಿಯದು ಸಿಕ್ಕಿರಲಿಲ್ಲ. ಸಿಕ್ಕೇ ಸಿಗುತ್ತದೆ ಎಂದು ಕಾದೆ. ಕಾಯುತ್ತಿದ್ದಾಗ ಗೋಡೆ ಖಾಲಿಯಾಗುತ್ತ ಬಂತು. ತಿಂಗಳಿಗೆ ಎರಡು ಬರುತ್ತಿದ್ದದ್ದು ವರ್ಷಕ್ಕೆ ಒಂದಾಯಿತು. ಆಮೇಲೆ ಇಡೀ ರೈಫಲ್ ಬರುವುದು ನಿಂತು ಬಿಡಿಭಾಗಗಳು ಮಾತ್ರ ಬಂದವು, ಒಂದು ಡಬ್ಬಿಯಲ್ಲಿ ಸ್ಪ್ರಿಂಗು, ಇನ್ನೊಂದರಲ್ಲಿ ಸ್ಕ್ರೂ. ಗುಂಡುಗಳೂ ಸಿಗದಾದವು. ಶೂಟಿಂಗ್ ರೇಂಜಿನಲ್ಲಿ ವರ್ಷಕ್ಕೆ ಐವತ್ತು ಸುತ್ತು ಹಾರಿಸುತ್ತಿದ್ದವನು ಐದಕ್ಕಿಳಿದೆ, ಕೊನೆಗೆ ಅದೂ ಇಲ್ಲ. ಹಳೆಯ ಬಂದೂಕುಗಳು ಎಲ್ಲಿಗೆ ಹೋದವು ಎಂಬುದು ಗುಟ್ಟೇನಲ್ಲ. ಯಜಮಾನ ಸತ್ತರೆ ಮಕ್ಕಳು ಠಾಣೆಗೆ ಒಪ್ಪಿಸುತ್ತಿದ್ದರು. ಠಾಣೆಯಿಂದ ಬೆಂಕಿಗೆ.

ನಾನು ಬಯಸಿದ ಮಾದರಿ ಸಿಕ್ಕಾಗ ನನಗೆ ಐವತ್ತು ದಾಟಿತ್ತು. ರಿಪೇರಿಯವನು ಮನೆಗೇ ಫೋನು ಮಾಡಿದ. "ಬನ್ನಿ ಮಾಸ್ಟರ್‌ಜೀ. ಇದಾದ ಮೇಲೆ ನನ್ನ ಹತ್ತಿರ ಪ್ರೆಷರ್ ಕುಕ್ಕರ್ ರಿಪೇರಿ ಮಾತ್ರ." ಅದೇ ನಾಲ್ಕನೆಯದು. ನಾನು ಆ ಸಲ ಕೊಂಕು ತೆಗೆಯಲಿಲ್ಲ.

ಅದರಲ್ಲಿ ಒಂದೇ ದೋಷವಿತ್ತು, ಬೋಲ್ಟು ಸೀಳಿತ್ತು. ಇಂಥ ರೈಫಲ್ಲಿನಲ್ಲಿ ನಂಬರು ಎರಡು ಕಡೆ ಇರುತ್ತದೆ. ಹಿಡಿ ಸೇರುವಲ್ಲಿ ಉಕ್ಕಿನ ಕುತ್ತಿಗೆಯ ಎಡಭಾಗದಲ್ಲಿ ಒಂದು, ಬೋಲ್ಟಿನ ಮೇಲೆ ಒಂದು. ಅವನು ಬೇರೊಂದು ಹಾಳಾದ ರೈಫಲ್ಲಿನ ಬೋಲ್ಟನ್ನು ಇದಕ್ಕೆ ಹೊಂದಿಸಿದ. ಅದರ ಮೇಲೆ ಅದರದೇ ನಂಬರು.

"ಇದನ್ನ ಉಜ್ಜಿ ನಿಮ್ಮ ನಂಬರು ಹೊಡೆದುಬಿಡ್ಲಾ? ಎರಡು ನಿಮಿಷ," ಎಂದ.

"ಬೇಡ. ಸುಳ್ಳು ನಂಬರು ಬೇಡ," ಎಂದೆ. ಸೀಳಿದ ಬೋಲ್ಟು ಗುಜರಿಗೆ ಹೋಯಿತು.

ಆ ಮಂಗಳವಾರ ಮೊದಲ ಮೂರು ರೈಫಲ್‌ಗಳ ನಂಬರನ್ನು ಅಧಿಕಾರಿ ಟಾರ್ಚಿನ ಬೆಳಕಿನಲ್ಲಿ ಗಟ್ಟಿಯಾಗಿ ಓದಿದರು, ನಾನು ಲೈಸೆನ್ಸ್ ನೋಡಿ "ಸವಾ", ಸರಿ, ಎಂದೆ. ನಾಲ್ಕನೆಯದನ್ನು ಎತ್ತಿಕೊಂಡು ಕುತ್ತಿಗೆಯನ್ನು ಬೆಳಕಿಗೆ ಹಿಡಿದರು. ಓದಲಿಲ್ಲ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಬೆರಳಿನಿಂದ ಸವರಿದರು.

"ಇಲ್ಲಿ ಏನೂ ಇಲ್ಲ, ಮ್ವಾಲಿಮು."

ನಾನು ಭೂತಗನ್ನಡಿ ತಂದೆ. ಮೊದಲೆರಡು ಅಂಕಿಗಳು ನೆರಳಿನಂತೆ ಇದ್ದವು. ಕೊನೆಯ ಮೂರು ಇರಲಿಲ್ಲ. ಸೀಮೆಸುಣ್ಣ ತಿಕ್ಕಿ ನೋಡಿದೆ. ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದೆ. ಕಾಗದ ಒಂದೇ ಸಮನೆ ಕಪ್ಪಾಯಿತು. ಪ್ರತಿ ವರ್ಷ ನೋಡುತ್ತಿದ್ದ ರೈಫಲ್. ಆದರೆ ನಂಬರು ನನಗೆ ಬಾಯಿಪಾಠವಾಗಿತ್ತು. ಬಾಯಿಪಾಠವಾದದ್ದನ್ನು ಯಾರೂ ಓದಿ ನೋಡುವುದಿಲ್ಲ.

"ಬೋಲ್ಟಿನ ಮೇಲೆ?" ಎಂದರು.

ಬೋಲ್ಟಿನ ಮೇಲೆ ಬೇರೆ ನಂಬರು ಸ್ಪಷ್ಟವಾಗಿತ್ತು. ಕಾರಣ ಹೇಳಿದೆ. ಹೊಂದಿಸಿದವನ ಸಾಕ್ಷಿ ಕೇಳಿದರು. ಅವನು ತೀರಿಕೊಂಡು ಎಷ್ಟೋ ವರ್ಷವಾಯಿತು, ಅಂಗಡಿಯಲ್ಲಿ ಈಗ ಮೊಬೈಲ್ ಫೋನಿನ ಕವರು ಮಾರುತ್ತಾರೆ ಎಂದೆ.

ಅಧಿಕಾರಿ ರೈಫಲ್ಲನ್ನು ಕೆಳಗಿಟ್ಟರು. "ನಂಬರು ಉಜ್ಜಿ ಅಳಿಸುವುದು ಕಳ್ಳ ಬಂದೂಕಿನವರು ಮಾಡುವ ಕೆಲಸ. ನೀವು ಅಂಥವರಲ್ಲ ಅಂತ ನನಗೆ ಕಾಣುತ್ತದೆ. ಆದರೆ ಇದು ಹೇಗಾಯಿತು ಅಂತ ನಾನು ಬರೆಯಬೇಕು."

ಹೇಗಾಯಿತು ಎಂದು ನನಗೂ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಹೆಂಡತಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳು ಮೈಸೂರಿನವಳು. ಮದುವೆಯಾಗಿ ಬಂದ ಮೊದಲ ವರ್ಷದಿಂದಲೂ ಆಯುಧಪೂಜೆ ತಪ್ಪಿಸಿದವಳಲ್ಲ. ನ್ಗಾರಾದಲ್ಲಿ ಹುಡುಕಿ ಬೂದುಗುಂಬಳ ತರಿಸುತ್ತಾಳೆ. ಕಾರು, ಹೊಲಿಗೆ ಯಂತ್ರ, ಮಿಕ್ಸಿ, ನನ್ನ ಸ್ಕ್ರೂಡ್ರೈವರುಗಳು, ರೈಫಲ್‌ಗಳು, ಎಲ್ಲಕ್ಕೂ ಗಂಧ ತೇದು ಹಚ್ಚಿ, ಕುಂಕುಮ ಕಲಸಿ ಇಟ್ಟು, ಹೂವು ಏರಿಸುತ್ತಾಳೆ. ರೈಫಲ್ಲಿಗೆ ಕುಂಕುಮವಿಡಲು ಸಮತಟ್ಟಾದ ಜಾಗ ಕುತ್ತಿಗೆಯೊಂದೇ. ಪೂಜೆಗಿಟ್ಟದ್ದನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ಒದ್ದೆ ಗಂಧ, ಒದ್ದೆ ಕುಂಕುಮ ಇಡೀ ರಾತ್ರಿ ಉಕ್ಕಿನ ಮೇಲೆ.

ವಿಜಯದಶಮಿಯ ಬೆಳಿಗ್ಗೆ ಆರಕ್ಕೆ ನಾನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಅಲ್ಲಿ ಸಣ್ಣದೊಂದು ಕಂದು ಕಲೆ ಎದ್ದಿರುತ್ತಿತ್ತು. ನಯವಾದ ಎಮರಿ ಪೇಪರ್ ತೆಗೆದುಕೊಂಡು, ಕಲೆ ಹೋಗುವವರೆಗೆ ಉಜ್ಜಿ, ಎಣ್ಣೆ ಹಚ್ಚಿ ಒಳಗಿಡುತ್ತಿದ್ದೆ. ಇಪ್ಪತ್ತು ವರ್ಷಕ್ಕೂ ಮೇಲೆ. ಉಳಿದ ಮೂರರಲ್ಲಿ ನಂಬರು ಕುತ್ತಿಗೆಯಲ್ಲಿಲ್ಲ, ಮುಂದೆ ನಳಿಗೆಯ ಬುಡದಲ್ಲಿದೆ. ನಾಲ್ಕನೆಯದಕ್ಕೆ ಯುದ್ಧದ ಅವಸರದಲ್ಲಿ ಆಳವಿಲ್ಲದೆ ಕೆತ್ತಿದ್ದ ನಂಬರು ಕುತ್ತಿಗೆಯಲ್ಲೇ ಇತ್ತು.

ಹೆಂಡತಿ ತಟ್ಟೆಯನ್ನು ಮೇಜಿನ ಅಂಚಿಗಿಟ್ಟಳು. "ಕುಂಕುಮ ಇಟ್ಟಿದ್ದು ನಾನು," ಎಂದಳು ಕನ್ನಡದಲ್ಲಿ. "ಅವರಿಗೆ ಹೇಳಿ."

"ಉಜ್ಜಿದ್ದು ನಾನು."

"ನಾನಿಡದಿದ್ರೆ ನೀವ್ಯಾಕೆ ಉಜ್ತಿದ್ರಿ? ಹೇಳಿ ಅವರಿಗೆ. ಇಲ್ಲಾಂದ್ರೆ ನಾನೇ ಹೇಳ್ತೀನಿ." ಹೇಳಿಯೂ ಬಿಟ್ಟಳು, ಇಂಗ್ಲಿಷಿನಲ್ಲಿ, ತನ್ನ ಹಣೆಯ ಕುಂಕುಮವನ್ನು ತೋರಿಸಿ, ಆಮೇಲೆ ರೈಫಲ್ಲಿನ ಕುತ್ತಿಗೆ ತೋರಿಸಿ.

ಅಧಿಕಾರಿ ಇಬ್ಬರನ್ನೂ ನೋಡಿದರು. "ಪೊಲೀಸಿನ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಆಯಿತು, ಮಾಮಾ. ಬಂದೂಕಿಗೆ ಪೌಡರ್ ಹಾಕಿ ಅಲಂಕಾರ ಮಾಡುವವರನ್ನು ಇವತ್ತೇ ನೋಡಿದ್ದು." ಯಾರೂ ನಗಲಿಲ್ಲ, ಅವರೂ ನಗಲಿಲ್ಲ. "ಪೋಲೆ ಸಾನಾ, ಕ್ಷಮಿಸಿ. ನಾನು ನಿಮ್ಮನ್ನು ನಂಬುತ್ತೇನೆ. ಆದರೆ ಲೈಸೆನ್ಸಿನಲ್ಲಿರುವ ನಂಬರು ಈ ಬಂದೂಕಿನದೇ ಅಂತ ನಾನು ಸಹಿ ಹಾಕಲಾರೆ. ನೀವು ತಕರಾರು ಮಾಡಿದರೆ ನಾಲ್ಕನ್ನೂ ತಡೆಹಿಡಿಯಬೇಕಾಗುತ್ತದೆ. ನೀವೇ ಬರೆದುಕೊಟ್ಟು ಇದೊಂದನ್ನು ಒಪ್ಪಿಸಿದರೆ ಮೂರು ಉಳಿಯುತ್ತವೆ."

ನಾಲ್ಕನೆಯದೊಂದು ಉಳಿದು ಮೂರೂ ಹೋಗುವ ದಾರಿ ಇದೆಯೇ ಎಂದು ಕೇಳಿದೆ.

"ಇಲ್ಲ, ಮ್ವಾಲಿಮು."

ಹತ್ತೂ ಇಪ್ಪತ್ತಕ್ಕೆ ಬರೆಯಲು ಕೂತೆ. ಹತ್ತು ಸಾಲು. ತುಕ್ಕು ತೆಗೆಯುವ ಉದ್ದೇಶದಿಂದ ಪ್ರತಿ ವರ್ಷ ನಾನೇ ನನ್ನ ಕೈಯಾರೆ ಉಜ್ಜಿದ್ದೇನೆ, ಬೇರೆ ಯಾರಿಗೂ ಇದರಲ್ಲಿ ಪಾಲಿಲ್ಲ ಎಂದು ಬರೆದು ಸಹಿ ಹಾಕಿದೆ. ಹೆಂಡತಿ ನನ್ನ ಹೆಗಲ ಮೇಲಿಂದ ಓದಿ ಒಳಗೆ ಹೋದಳು.

ಅಧಿಕಾರಿಯ ಗಾಡಿಯಲ್ಲೇ ಠಾಣೆಗೆ ಹೋದೆವು. ರೈಫಲ್ಲನ್ನು ಬೆಡ್‌ಶೀಟಿನಲ್ಲಿ ಸುತ್ತಿ ನನ್ನ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡಿದ್ದೆ. ಹಿಂದಿನ ಕೋಣೆಯಲ್ಲಿ ಒಪ್ಪಿಸಿದ ಬಂದೂಕುಗಳ ರಾಶಿ ಇತ್ತು. ಹೆಚ್ಚಿನವು ನೀರಿನ ಪೈಪಿನಿಂದ ಮನೆಯಲ್ಲೇ ಮಾಡಿದವು, ಮರಕ್ಕೆ ಸೈಕಲ್ ಟ್ಯೂಬು ಸುತ್ತಿ ಕಟ್ಟಿದವು. ನಾನು ಕಣ್ಣಿನಿಂದಲೇ ಹುಡುಕಿದೆ. ಅರವತ್ತು ವರ್ಷದ ಅಭ್ಯಾಸ. ಸೈನ್ಯದ್ದು ಒಂದೂ ಇರಲಿಲ್ಲ. ಸುಡುವುದಕ್ಕೂ ಈಗ ಅವು ಸಿಗುವುದಿಲ್ಲ.

ಅಲ್ಲಿದ್ದ ಕಾನ್‌ಸ್ಟೇಬಲ್‌ಗೆ ಬೋಲ್ಟು ಬಿಚ್ಚಲು ಬರಲಿಲ್ಲ, ಬಲ ಹಾಕಿ ಎಳೆಯುತ್ತಿದ್ದ. "ಹಾಗಲ್ಲ, ಕೊಡಿಲ್ಲಿ," ಎಂದು ತೆಗೆದುಕೊಂಡು ಬಿಚ್ಚಿಕೊಟ್ಟೆ. ಬೋಲ್ಟು ಒಂದು ಡ್ರಮ್ಮಿಗೆ, ರೈಫಲ್ಲು ರಾಶಿಗೆ. ಅವನು ಚೀಟಿಯಲ್ಲಿ ಬಂದೂಕಿನ ನಂಬರು ಎಂಬ ಜಾಗದಲ್ಲಿ ಅಡ್ಡಗೆರೆ ಎಳೆದು ತೆಳು ತಂತಿಯಿಂದ ನಳಿಗೆಗೆ ಕಟ್ಟಿದ. ಬೆಡ್‌ಶೀಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಮಟಾಟು ವ್ಯಾನು ಹತ್ತಿ ಮನೆಗೆ ಬಂದೆ. ಮೂರು ಗಂಟೆಯಾಗಿತ್ತು.

ಹೆಂಡತಿ ಊಟ ಮಾಡಿರಲಿಲ್ಲ. ಇಬ್ಬರೂ ಮೊಸರನ್ನ ತಿಂದೆವು. "ಈ ವರ್ಷದಿಂದ ಬರೀ ಹೂವು ಇಡ್ತೀನಿ, ಅದೂ ಮರದ ಹಿಡಿ ಮೇಲೆ," ಎಂದಳು. ಉಳಿದ ಮೂರರ ನಂಬರುಗಳಿಗೆ ಬಿಳಿ ಬಣ್ಣ ತುಂಬೋಣ, ಮುಂದಿನ ತಪಾಸಣೆಯಲ್ಲಿ ಯಾರಿಗಾದರೂ ದೂರದಿಂದಲೇ ಕಾಣಲಿ ಎಂದೆ. ಅವಳು ಟಾರ್ಚು ಹಿಡಿದಳು.

ಮೊದಲನೆಯದು ಸರಿಯಾಗಿ ಬಂತು. ಗೀರುಗಳಲ್ಲಿ ಬಣ್ಣ ಇಳಿಯಿತು, ಮೇಲಿನದನ್ನು ಬಟ್ಟೆಯಿಂದ ಒರೆಸಿದೆ, ಅಂಕಿಗಳು ಬೆಳ್ಳಗೆ ನಿಂತವು. ಎರಡನೆಯದರ ಕೊನೆಯ ಅಂಕಿಯಲ್ಲಿ ಬಣ್ಣ ನಿಲ್ಲಲಿಲ್ಲ. ಒರೆಸಿದೊಡನೆ ಅರ್ಧ ಎದ್ದುಬಂತು. ಮತ್ತೆ ಹಚ್ಚಿದೆ, ಮತ್ತೆ ಬಂತು.

"ಎಷ್ಟು ಅಂತ ಓದು," ಎಂದೆ.

"ಮೂರು. ಅಲ್ಲ, ಎಂಟಾ?"

ಅದು ಎಂಟು. ಅಧಿಕಾರಿ ಬೆಳಿಗ್ಗೆ ಎಂಟೆಂದೇ ಓದಿದ್ದರು, ಆದರೆ ಸ್ವಲ್ಪ ತಡೆದು ಓದಿದ್ದರು. ನಾನದನ್ನು ಗಮನಿಸಿರಲಿಲ್ಲ.

"ಇಲ್ಲಿ ನಾನು ಯಾವತ್ತೂ ಕುಂಕುಮ ಇಟ್ಟಿಲ್ಲ," ಎಂದಳು ಹೆಂಡತಿ ನಿಧಾನವಾಗಿ.

"ಇಲ್ಲ. ಇಟ್ಟಿಲ್ಲ."

ಎಮರಿ ಪೇಪರ್ ಕೈಯಲ್ಲಿದ್ದಾಗ ಹೇಗೂ ಇದೆಯಲ್ಲ ಎಂದು ಪ್ರತಿ ವರ್ಷ ಇಡೀ ಉಕ್ಕಿನ ಮೇಲೆ ಒಂದು ಸಲ ಆಡಿಸಿಯೇ ಒಳಗಿಡುತ್ತಿದ್ದೆ. ತುಕ್ಕು ಇರಲಿ, ಇಲ್ಲದಿರಲಿ.

ಮೂರನೆಯದಕ್ಕೂ ಬಣ್ಣ ತುಂಬಿದೆವು. ಮೂರನ್ನೂ ಬೀರುವಿನಲ್ಲಿಟ್ಟು, ಬೋಲ್ಟುಗಳನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಉಳಿದಿದ್ದ ಎಮರಿ ಹಾಳೆಗಳನ್ನು ಕಸದ ಬುಟ್ಟಿಗೆ ಹಾಕಿದೆ. ಬ್ರಷ್ಷನ್ನು ಟರ್ಪೆಂಟೈನಿನಲ್ಲಿ ತೊಳೆದು, ಬಣ್ಣದ ಡಬ್ಬಿಯ ಮುಚ್ಚಳವನ್ನು ಸುತ್ತಿಗೆಯ ಹಿಡಿಯಿಂದ ಗಟ್ಟಿಯಾಗಿ ಒತ್ತಿ ಮುಚ್ಚಿದಾಗ ಐದೂ ನಲವತ್ತು.