ಬೇರೆಯವರಿಗೆ ದಕ್ಕದ ಬಿರುದು

ಕಲಿಮ್ನೋಸ್ ದ್ವೀಪದ ಬಂದರಿನಲ್ಲಿ ಕಾಫಿ ಅಂಗಡಿ ಇಟ್ಟಿರುವ ಸ್ಕೇವೋಸನಿಗೆ ಹಡಗು ಕಂಡರೆ ನಿಂತಲ್ಲಿ ನಿಲ್ಲಲಾಗದು. ಇಳಿಯುವವರಲ್ಲಿ ಊರಿನವನೊಬ್ಬ ಕಂಡರೆ ಸಾಕು, ಒಲೆಯ ಮೇಲೆ ಕಾಫಿ ಉಕ್ಕುತ್ತಿದ್ದರೂ ಬಿಟ್ಟು ಓಡಿ, "ನೋಡ್ರೋ, ಕಲಿಮ್ನಿಯೋಸ್ ಬಂದ!" ಎಂದು ಕೂಗುತ್ತಾನೆ. ಕಲಿಮ್ನಿಯೋಸ್ ಅಂದರೆ ಕಲಿಮ್ನೋಸಿನಲ್ಲೇ ಹುಟ್ಟಿದವನು. ಬಲೆಗೆ ಬಿದ್ದ ದಪ್ಪ ಆಕ್ಟೋಪಸ್ ಕೂಡ ಅವನ ಬಾಯಲ್ಲಿ ಕಲಿಮ್ನಿಯೋಸ್. ಆದರೆ ಊರಿನ ಅರ್ಧದಷ್ಟು ಹೆರಿಗೆಗಳನ್ನು ಮಾಡಿಸಿದ ಅಥೆನ್ಸಿನ ಡಾಕ್ಟರಿಗೆ ಆ ಬಿರುದಿಲ್ಲ. ಪಕ್ಕದ ಲೇರೋಸ್ ದ್ವೀಪದಿಂದ ಬಂದು ತನ್ನ ಜೊತೆಗೇ ಮುದುಕಿಯಾದ ಸ್ವಂತ ಹೆಂಡತಿ ಮರೂಲಿಗೂ ಇಲ್ಲ. "ಆಕ್ಟೋಪಸ್‌ಗೂ ಕೊಡ್ತೀಯ, ನನಗ್ಯಾಕಿಲ್ಲ ಮಾರಾಯ?" ಎಂದು ಡಾಕ್ಟರು ರೇಗಿಸಿದರೆ, "ಅದು ಹುಟ್ಟಿದ್ದು ಇಲ್ಲೇ ಕಣಯ್ಯ!" ಎಂದು ಮೇಜು ಗುದ್ದುತ್ತಾನೆ. ಅಂಗಡಿಯೆಲ್ಲ ನಗುವಾಗ ಮರೂಲಿ ಮಾತ್ರ ನಗುವುದಿಲ್ಲ. "ಕೆಣಕಬೇಡಿ ಡಾಕ್ಟ್ರೇ. ನಮ್ಮ ಮಾವ, ಇವರಪ್ಪ, ಸಮುದ್ರದ ತಳದಿಂದ ಸ್ಪಂಜು ತೆಗೆಯೋಕೆ ಅಂತ ಆಫ್ರಿಕಾ ಕಡೆ ಹೋಗಿ ಅಲ್ಲೇ ಮುಳುಗಿಹೋದ್ರು. ಅಲ್ಲಿಯವರಿಗೆ ಹೆಸರು ಗೊತ್ತಿರಲಿಲ್ಲ, ಯಾವ ಊರಿನವರು ಅಂತ ಮಾತ್ರ ಗೊತ್ತಿತ್ತು. ಅವರ ಗೋರಿ ಮೇಲೆ ಇರೋದು ಅದೊಂದೇ ಮಾತು: ಕಲಿಮ್ನಿಯೋಸ್."