ಹದಿನಾಲ್ಕು ಪಾತ್ರ, ಒಂದೇ ಗಂಟಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಂದು ಇಡೀ ಸಿನಿಮಾದ ಹದಿನಾಲ್ಕು ಪಾತ್ರಗಳಿಗೂ ನಾನೊಬ್ಬನೇ ದನಿ ಕೊಡುತ್ತೇನೆ ಎಂದು ಎದೆ ತಟ್ಟಿ ಹೇಳಿದವನು ನಾನು. ಅದರಲ್ಲಿ ನಾಯಕಿಯೂ ಇದ್ದಳು, ಅಜ್ಜಿಯೂ ಇದ್ದಳು, ಎರಡು ದೃಶ್ಯಗಳಲ್ಲಿ ಬಂದು ಹೋಗುವ ನಾಯಿಯೂ ಇತ್ತು. ನಾಯಿಯದ್ದು ಚೆನ್ನಾಗಿಯೇ ಬಂದಿತ್ತು.

ಕುರುಬರಹಳ್ಳಿಯ ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಮಿಮಿಕ್ರಿ ಮಾಡಿಕೊಂಡಿದ್ದೆ. ಗಾಯಕಿ ಸೀರೆ ಬದಲಿಸಿಕೊಂಡು ಬರುವವರೆಗೆ ಜನ ಎದ್ದು ಹೋಗದಂತೆ ನೋಡಿಕೊಳ್ಳುವುದು ನನ್ನ ಕಲಾಸೇವೆ. ಅಲ್ಲಿ ನನ್ನನ್ನು ನೋಡಿ ಮನೆಗೆ ಕರೆದವರು ಆರ್‌ಪಿಸಿ ಲೇಔಟಿನಲ್ಲಿದ್ದ ಒಬ್ಬ ಕಾಮಿಡಿ ಬರಹಗಾರರು. ಹೀರೋ ಎರಡು ಫೈಟು ಮುಗಿಸಿ ಸುಧಾರಿಸಿಕೊಳ್ಳುವ ಹೊತ್ತಿಗೆ ಬರುತ್ತದಲ್ಲ ಒಂದು ಕಾಮಿಡಿ ಟ್ರ್ಯಾಕು, ಅದನ್ನು ಹದಿನೈದು ವರ್ಷ ಬೇರೆಯವರ ಸಿನಿಮಾಗಳಿಗೆ ಬರೆದವರು. ಅಂದರೆ ಅವರ ಕೆಲಸವೂ ನನ್ನ ಕೆಲಸವೂ ಒಂದೇ. ಅವರ ಹೆಸರು ಪೋಸ್ಟರಿನ ತಳದಲ್ಲಿ ಇರುವೆ ಸಾಲಿನಷ್ಟು ದಪ್ಪಗೆ ಬರುತ್ತಿತ್ತು, ನನ್ನದು ಅದೂ ಇಲ್ಲ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಹಾಗಾಗಿ ಅವರ ಹೆಂಡತಿ ನನಗೆ ಅತ್ತಿಗೆ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಅಣ್ಣ ಬರೆದದ್ದನ್ನೆಲ್ಲ ಮೊದಲು ಅತ್ತಿಗೆಗೆ ಓದಿ ಹೇಳಬೇಕು. ಅತ್ತಿಗೆ ನಾಗರಬಾವಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕಿದ್ದರು. ಸಂಜೆ ಬಂದು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು. ಬಾಯಿಬಿಟ್ಟು ನಗುವ ಪೈಕಿ ಅಲ್ಲ. ಸೊಪ್ಪು ಬಿಡಿಸುವ ಕೈ ಒಂದು ಗಳಿಗೆ ನಿಂತಿತೋ, ಜೋಕು ಪಾಸು. ನಿಲ್ಲಲಿಲ್ಲವೋ, ಅಣ್ಣ ಮಾತಾಡದೆ ಅದರ ಮೇಲೆ ಗೀಟು ಎಳೆಯುತ್ತಿದ್ದರು.

ಒಂದು ದಿನ ಅಣ್ಣ ತಾನೇ ಡೈರೆಕ್ಟರ್ ಆಗುತ್ತೇನೆ ಎಂದು ಹೊರಟರು. "ನಲವತ್ತಾರಾಯ್ತು ಮಗಾ. ಇನ್ನೊಬ್ಬರ ಸಿನಿಮಾಗೆ ಉಪ್ಪಿನಕಾಯಿ ಆಗಿದ್ದು ಸಾಕು. ಈ ಒಂದು ಸಿನಿಮಾ ನಿಂತ್ರೆ ನಾನೂ ನಿಂತೆ. ಬಿತ್ತು ಅಂದ್ರೆ ವಾಪಸ್ ಟ್ರ್ಯಾಕ್ ಬರಿ ಅಂತ ಕರೆಯೋರೂ ಇರಲ್ಲ."

ಬಾಡಿಗೆ ಮನೆಯ ಒಂದು ಕುಟುಂಬದ ಕಥೆ ಅದು. ತೊಂದರೆ ಏನೆಂದರೆ ಅಣ್ಣನಿಗೆ ಕಥೆ ಹೇಳಲು ಬರುತ್ತಿರಲಿಲ್ಲ. ಕ್ಲೈಮ್ಯಾಕ್ಸನ್ನೂ ಕರೆಂಟ್ ಬಿಲ್ ಓದಿದ ಹಾಗೆ ಓದುತ್ತಿದ್ದರು. ಮೂವರು ನಿರ್ಮಾಪಕರು ಆಕಳಿಸಿ ಕಳಿಸಿದ ಮೇಲೆ, ನಾಲ್ಕನೆಯವರ ಹತ್ತಿರ ಹೋಗುವಾಗ ನನ್ನನ್ನು ಕರೆದುಕೊಂಡು ಹೋದರು. ಬಸವೇಶ್ವರನಗರದಲ್ಲಿ ಗ್ರಾನೈಟ್ ವ್ಯಾಪಾರ ಮಾಡುವವರು. ಅಣ್ಣ ಕೂತರು, ನಾನು ನಿಂತು ಹೇಳಿದೆ. ಹೇಳಿದೆ ಅನ್ನುವುದಕ್ಕಿಂತ ಮೈಮೇಲೆ ಬಂದವನ ಹಾಗೆ ಆಡಿದೆ. ಪುಟದಲ್ಲಿ 'ಕಂಡಕ್ಟರ್ ಬೈಯುತ್ತಾನೆ' ಎಂದಷ್ಟೇ ಇದ್ದ ಕಡೆ ನಾನು ವಿಜಯನಗರದಿಂದ ಮೆಜೆಸ್ಟಿಕ್‌ವರೆಗೂ ಬೈದೆ. ಒಂದು ಸಾಲಿನ ಪಕ್ಕದ ಮನೆ ಆಂಟಿಗೆ ಕಾಲು ಗಂಟೆಯ ಜಗಳ ಸೇರಿಸಿದೆ.

ಒಂದು ದೃಶ್ಯದಲ್ಲಿ ಮಾತ್ರ ಮಾತೇ ಇರಲಿಲ್ಲ. ಮನೆ ಖಾಲಿ ಮಾಡಿ ಎನ್ನಲು ಓನರ್ ಬಂದು ಕೂರುತ್ತಾನೆ. ಅವನು ಬಾಯಿ ತೆರೆದಾಗಲೆಲ್ಲ ಅಜ್ಜಿ ಒಂದು ಚಕ್ಕುಲಿ ಕೈಗಿಡುತ್ತಾಳೆ. ನಾಲ್ಕು ಚಕ್ಕುಲಿ ತಿಂದು, ಬಂದ ವಿಷಯ ಹೇಳದೆ, ಕೈ ಒರೆಸಿಕೊಂಡು ಎದ್ದು ಹೋಗುತ್ತಾನೆ. ಮಿಮಿಕ್ರಿ ಮಾಡುವವನಿಗೆ ಅದರಲ್ಲಿ ಏನು ಸಿಗುತ್ತದೆ? "ಇಲ್ಲೊಂದು ಸಣ್ಣ ಸೀನಿದೆ ಸಾರ್, ಮುಂದಕ್ಕೆ ಹೋಗೋಣ" ಎಂದು ಪುಟ ತಿರುವಿದೆ.

ನಿರ್ಮಾಪಕರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ, "ಏನ್ ಬರ್ದಿದೀರಾ ಸಾರ್" ಎಂದು ಅಣ್ಣನ ಕೈ ಹಿಡಿದುಕೊಂಡರು. ಅಣ್ಣ ನನ್ನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ, "ಎಲ್ಲ ಸುತ್ತಮುತ್ತ ನೋಡಿದ್ದೇ ಸಾರ್" ಎಂದರು. ಇಷ್ಟು ನಗಿಸಿದ್ದರಲ್ಲಿ ಮುಕ್ಕಾಲು ಪಾಲು ಪುಟದಲ್ಲೇ ಇಲ್ಲ ಎಂದು ಆಗಲೇ ಹೇಳಬಹುದಿತ್ತು. ನಗಿಸಿದವನು ನಾನೆಂಬ ಜಂಬ ಬಿಡಲಿಲ್ಲ. ಹೊರಗೆ ಬಂದಾಗ ಅಣ್ಣನಿಗೂ ತಾನೇ ಬರೆದದ್ದು ಎಂಬ ನಂಬಿಕೆ ಬಂದುಬಿಟ್ಟಿತ್ತು. ಅವತ್ತಿನಿಂದ ಅತ್ತಿಗೆಗೆ ಓದುವುದು ನಿಂತಿತು. "ಪ್ರೊಡ್ಯೂಸರೇ ನಕ್ಕಾಯ್ತಲ್ಲ, ಇನ್ನೇನು?"

ಮುಹೂರ್ತದ ದಿನ ತೆಂಗಿನಕಾಯಿ ಒಡೆದ ಮೇಲೆ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದರು. "ಸೆಟ್ಟಲ್ಲಿ ಅಣ್ಣ ಅನ್ಬೇಡ ಕಣೋ, ಸಾರ್ ಅನ್ನು. ಡಿಸಿಪ್ಲಿನ್." ಸರಿ, ಅಣ್ಣ ಸಾರ್ ಆದರು. ಅತ್ತಿಗೆ ಮಾತ್ರ ಮೇಡಂ ಆಗಲು ಒಪ್ಪಲಿಲ್ಲ. ಸಾರ್ ತಲೆಗೆ ಟೋಪಿ ಬಂತು. ದರ್ಶಿನಿಯಲ್ಲಿ ತಟ್ಟೆಯ ಮುಂದೆ ನಿಂತು ಬೆರಳುಗಳಲ್ಲೇ ಚೌಕಟ್ಟು ಮಾಡಿ ಇಡ್ಲಿಯನ್ನು ನೋಡುತ್ತಿದ್ದರು, ಇಡ್ಲಿ ತಣ್ಣಗಾಗುತ್ತಿತ್ತು. ನಗುವುದನ್ನೂ ಬಿಟ್ಟರು. ಡೈರೆಕ್ಟರ್ ನಕ್ಕರೆ ಯೂನಿಟ್ ಸಡಿಲವಾಗುತ್ತದಂತೆ. ಅವರು ಬಿಟ್ಟರೆಂದು ಯೂನಿಟ್ಟೂ ಬಿಟ್ಟಿತು. ಅದಕ್ಕೆ ಯಾರೂ ಕಷ್ಟಪಡಬೇಕಾಗಿ ಬರಲಿಲ್ಲ.

ಯಾಕೆಂದರೆ ಹೀರೋ, ಅಂದರೆ ನಿರ್ಮಾಪಕರ ಅಕ್ಕನ ಮಗ, ಪುಟದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಹೇಳುತ್ತಿದ್ದ. ಪಾಪ, ಅವನ ತಪ್ಪೇನಿದೆ? ನಗು ಬರಲಿಲ್ಲ. "ಎಡಿಟಿಂಗಲ್ಲಿ ಬರುತ್ತೆ" ಎಂದರು ಸಾರ್. ಎಡಿಟಿಂಗಲ್ಲೂ ಬರಲಿಲ್ಲ. "ಮ್ಯೂಸಿಕ್ ಹಾಕಿದ್ರೆ ಬರುತ್ತೆ."

ಕೆಂಗೇರಿಯ ರಸ್ತೆಯಲ್ಲಿ ಶೂಟ್ ಮಾಡಿದ್ದರಿಂದ ಮಾತಿಗಿಂತ ಹಾರ್ನೇ ಜಾಸ್ತಿ ಕೇಳುತ್ತಿತ್ತು. ನಟರು ಡಬ್ಬಿಂಗಿಗೆ ಬರುವವರೆಗೆ ಇರಲಿ ಎಂದು ಎಲ್ಲ ಪಾತ್ರಗಳ ಮಾತನ್ನೂ ನನ್ನಿಂದಲೇ ಆಡಿಸಿ ಕೂಡಿಸಿದರು. ನಾನು ಮತ್ತೆ ಹಳೇ ಚಾಳಿಯಂತೆ ಸೇರಿಸಿದೆ, ಎಳೆದೆ, ಕೆಮ್ಮಿದೆ. ನಿರ್ಮಾಪಕರು ಬಂದು ನೋಡಿದರು. ಮತ್ತೆ ಕಣ್ಣೊರೆಸಿಕೊಂಡರು. "ಯಾರ್ ಡಬ್ಬಿಂಗೂ ಬೇಡ. ಎಲ್ಲರಿಗೂ ಇವನ್ ವಾಯ್ಸೇ ಇರ್ಲಿ" ಎಂದರು. ಸಾರ್ ಮುಖಕ್ಕೆ ಎಷ್ಟೋ ತಿಂಗಳ ಮೇಲೆ ಕಳೆ ಬಂತು. ನಾನು ಎದೆ ತಟ್ಟಿದ್ದು ಆಗಲೇ. ಚಕ್ಕುಲಿ ದೃಶ್ಯದಲ್ಲಿ ನನಗೆ ಕೆಲಸವಿಲ್ಲದ್ದರಿಂದ ಅದು ಸಪ್ಪೆಯಾಗಿ ಕಾಣುತ್ತಿತ್ತು. ಅದನ್ನು ಕಿತ್ತುಹಾಕುವುದು ಎಂದೂ ತೀರ್ಮಾನವಾಯಿತು.

ಅಷ್ಟೆಲ್ಲ ಆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಅಣ್ಣ ಲ್ಯಾಪ್‌ಟಾಪ್ ತಂದು ಅತ್ತಿಗೆಯ ಎದುರು ಇಟ್ಟರು. ನಾನೂ ಪಕ್ಕದಲ್ಲೇ ಇದ್ದೆ. ತೋರಿಸಲಿಲ್ಲ ಎಂಬ ಮಾತು ಬರಬಾರದಲ್ಲ. ಅವರೆಕಾಯಿ ಕಾಲ. ಅತ್ತಿಗೆ ನೆನೆಹಾಕಿದ ಕಾಳನ್ನು ಹಿತುಕುತ್ತಾ ನೋಡತೊಡಗಿದರು. ಪುಟಕ್, ಪುಟಕ್ ಎಂದು ಬೇಳೆ ಪಾತ್ರೆಗೆ ಬೀಳುತ್ತಿತ್ತು. ಕಂಡಕ್ಟರ್ ಬೈದ, ಪುಟಕ್. ಆಂಟಿ ಜಗಳ ತೆಗೆದರು, ಪುಟಕ್. ಅರ್ಧ ಗಂಟೆಗೆ ಒಂದು ಪ್ರಶ್ನೆ ಬಂತು: "ಈ ಹುಡುಗಿ ಯಾಕ್ರೀ ಇವನ ಥರ ಮಾತಾಡ್ತಾಳೆ?"

"ಅದು ಸ್ಟೈಲು" ಎಂದರು ಅಣ್ಣ.

ಪುಟಕ್.

ಚಕ್ಕುಲಿ ದೃಶ್ಯ ಬಂದಾಗ ಸದ್ದು ನಿಂತಿತು. ನೋಡಿದರೆ, ಬೆರಳ ನಡುವೆ ಕಾಳು ಹಾಗೇ ಇದೆ, ಅತ್ತಿಗೆಯ ಭುಜ ಅಲುಗುತ್ತಿದೆ. ಮೂರನೆಯ ಚಕ್ಕುಲಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಓನರ್ ಎದ್ದು ಹೋದ, ನನ್ನ ದನಿ ವಾಪಸ್ ಬಂತು, ಬೇಳೆ ಮತ್ತೆ ಬೀಳತೊಡಗಿತು. ಕೊನೆಯವರೆಗೂ ಬಿತ್ತು.

ಮುಗಿದ ಮೇಲೆ ಅಣ್ಣ ಗಂಟಲು ಸರಿಮಾಡಿಕೊಂಡರು. "ಪ್ರೊಡ್ಯೂಸರ್ ಬಿದ್ದು ಬಿದ್ದು ನಕ್ರು ಕಣೇ. ಇವನ ವಾಯ್ಸೇ ಸಿನಿಮಾನ ಉಳಿಸೋದು ಅಂತ ಎಲ್ಲರಿಗೂ ಇವನದ್ದೇ ಇಡ್ತಾ ಇದೀವಿ. ಆ ಚಕ್ಕುಲಿ ಸೀನ್ ಒಂದು ತೆಗೆದುಬಿಡ್ತೀವಿ, ಸ್ವಲ್ಪ ಡಲ್ಲು."

ನಾನು ಹೊಗಳಿಕೆಗೆ ತಯಾರಾಗಿ, ನಾಚಿಕೊಂಡವನಂತೆ ನೆಲ ನೋಡುತ್ತಾ ಕೂತಿದ್ದೆ. ಆಮೇಲೆ ಬಂದ ಮಾತಿಗೆ ಅಣ್ಣ ಟೋಪಿ ತೆಗೆದು ಪಕ್ಕಕ್ಕಿಟ್ಟರು. ಮಾರನೆಯ ದಿನವೇ ನಟರನ್ನೆಲ್ಲ ಡಬ್ಬಿಂಗಿಗೆ ಕರೆಸಿದರು, ನನ್ನ ಪಾಲಿಗೆ ನಾಯಿ ಉಳಿಯಿತು. ಅತ್ತಿಗೆ ಪಾತ್ರೆ ಎತ್ತಿಕೊಂಡು ಅಡಿಗೆಮನೆಗೆ ಹೋಗುತ್ತಾ ಹೇಳಿದ್ದು ಇಷ್ಟೇ:

"ಎರಡು ಗಂಟೇಲಿ ನಂಗೆ ನಗು ಬಂದಿದ್ದು ಅದೊಂದೇ ಕಡೆ ಕಣ್ರೀ. ಅಲ್ಲಿ ಇವನು ಬಾಯಿ ಮುಚ್ಕೊಂಡಿದ್ದ."